ಮನೆ ತುಂಬಿದವನು

ನನ್ನ ಮಾವನ ಅಪ್ಪ ಮನೆ ಅಳಿಯ. ನಡೆದದ್ದು ಇಷ್ಟೇ. ಹೆಂಡತಿಯ ಮನೆಗೆ ಬಂದ, ಅವರ ಹೊಲ ಉತ್ತ, ಅವರ ಅಡ್ಡ ಹೆಸರು ಇಟ್ಟುಕೊಂಡ, ಅವರ ಬೆಡಗನ್ನೇ ತನ್ನದೆಂದು ಹೇಳಿಕೊಂಡ, ಸತ್ತ. ಇದರಲ್ಲಿ ಕಳ್ಳತನವಿಲ್ಲ, ಹಾದರವಿಲ್ಲ. ಆದರೂ ನನ್ನ ಮಾವ, ಆಮೇಲೆ ನನ್ನ ಗಂಡ, ಈಗ ನನ್ನ ಮಗ, ಮೂವರೂ, ತಿಳಿದೋ ತಿಳಿಯದೆಯೋ, ಆ ಎರಡು ಪದ ಈ ಮನೆಗೆ ತಾಕದ ಹಾಗೆ ಕಾವಲು ಕೂತರು. ಪೆಟ್ಟು ಮಾತ್ರ ನನ್ನ ಮೊಮ್ಮಗಳ ಮೇಲೆ ಬಿತ್ತು.

ನಮ್ಮದು ಶಿಕಾರಿಪುರಕ್ಕೂ ಶಿರಾಳಕೊಪ್ಪಕ್ಕೂ ನಡುವಿನ ಊರು. ಊರಲ್ಲಿ ನಮ್ಮನ್ನು ಹಗೇದವರು ಎನ್ನುತ್ತಾರೆ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜಕ್ಕೆ ಹಗೇವು ಎನ್ನುವುದು. ನಮ್ಮ ಅಂಗಳದಲ್ಲಿ ಅಂಥದೊಂದು ಇತ್ತು. ಈಗ ಅದರ ಬಾಯಿಗೆ ಚಪ್ಪಡಿ ಹಾಕಿದೆ, ಚಪ್ಪಡಿಯ ಮೇಲೆ ಮಗ ಬೈಕು ನಿಲ್ಲಿಸುತ್ತಾನೆ. ಒಳಗೆ ಜೋಳವಿಲ್ಲ, ಹೊರಗೆ ಹೆಸರಿದೆ. ಅಡ್ಡ ಹೆಸರು ಹುಟ್ಟುವುದೇ ಹೀಗೆ. ಮನೆ ಮುಂದಿನ ಗಿಡದಿಂದ, ಮಾಡುವ ಕಸುಬಿನಿಂದ, ಯಾರೋ ಆಡಿಕೊಂಡ ಮಾತಿನಿಂದ. ಒಂದೇ ಮನೆಯ ಅಣ್ಣತಮ್ಮಂದಿರಿಗೆ ಊರು ಬೇರೆಯಾದರೆ ಅಡ್ಡ ಹೆಸರೂ ಬೇರೆಯಾಗುತ್ತದೆ.

ಬೆಡಗು ಹಾಗಲ್ಲ. ಅದು ಗೋತ್ರದ ಹಾಗೆ, ಅಪ್ಪನಿಂದ ಮಗನಿಗೆ ಇಳಿಯುತ್ತದೆ, ಊರು ಬಿಟ್ಟರೂ ಬಿಡುವುದಿಲ್ಲ. ಒಂದೇ ಬೆಡಗಿನವರು ಅಣ್ಣ ತಂಗಿ ಲೆಕ್ಕ, ಮದುವೆಯಾಗುವ ಹಾಗಿಲ್ಲ. ಹೆಣ್ಣಿಗೆ ಮಾತ್ರ ತಾಳಿ ಕಟ್ಟಿದ ದಿನ ಬೆಡಗು ಬದಲಾಗುತ್ತದೆ. ನನ್ನದೂ ಬದಲಾಯಿತು. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಅದನ್ನು ದೊಡ್ಡದು ಮಾಡಲಿಲ್ಲ. ನಮ್ಮ ಬೆಡಗು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಇನ್ನಾರೋ ಜಗಳಕ್ಕೆ ಬರುತ್ತಾರೆ.

ಮೊಮ್ಮಗಳು ಶಿರಾಳಕೊಪ್ಪದ ಒಂದು ಶಾಲೆಯಲ್ಲಿ ಟೀಚರು. ಹುಡುಗ ಕುಪ್ಪಗಡ್ಡೆಯವನು, ಭತ್ತದ ಗದ್ದೆ ಇದೆ, ಕೊಯ್ಲಿನ ಯಂತ್ರ ಓಡಿಸುತ್ತಾನೆ. ನೋಡಲು ಬಂದ ದಿನ ಇಬ್ಬರೂ ಹಿತ್ತಲಲ್ಲಿ ಅರ್ಧ ಗಂಟೆ ಮಾತಾಡಿದರು. ಒಳಗೆ ಬಂದಾಗ ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು, ಇನ್ನು ಬೇರೆ ಹುಡುಗನನ್ನು ಕರೆಸುವ ಕೆಲಸವಿಲ್ಲ ಎಂದು. ಅವರ ಅಡ್ಡ ಹೆಸರು ಕಣದವರು. ನಮ್ಮದು ಹಗೇದವರು. ಬೇರೆ ಬೇರೆಯಾಯಿತಲ್ಲ ಎಂದು ನನ್ನ ಮಗನೂ ಹುಡುಗನ ಅಪ್ಪನೂ ಅಷ್ಟಕ್ಕೇ ಸುಮ್ಮನಾದರು. ಈಗಿನವರು ಬೆಡಗು ಕೇಳುವುದನ್ನೇ ಮರೆತಿದ್ದಾರೆ.

ಹುಡುಗನ ಅಜ್ಜ ಮರೆತಿರಲಿಲ್ಲ. ಎಲೆ ಅಡಿಕೆ ಶಾಸ್ತ್ರಕ್ಕೆ ಎರಡು ಗಾಡಿಯಲ್ಲಿ ಜನ ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ಆಗಿತ್ತು, ಮಿರ್ಚಿ ಬಾಣಲೆಯಲ್ಲಿತ್ತು. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಕೈಗೆ ಕೈ ಬದಲಾಗಬೇಕು, ಅಷ್ಟರಲ್ಲಿ ಆ ಮುದುಕ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟು, ನಿಮ್ಮ ಬೆಡಗು ಯಾವುದು ಎಂದು ಕೇಳಿದ. ನನ್ನ ಮಗ ಎದೆ ಸೆಟೆಸಿ ಹೇಳಿದ. ಮುದುಕ ತಟ್ಟೆಯನ್ನು ಮೆಲ್ಲಗೆ ನಮ್ಮ ಕಡೆಗೆ ಸರಿಸಿದ.

"ನಮ್ದೂ ಅದೇ. ಅಣ್ಣ ತಂಗಿ ಆಗ್ತಾರಲ್ರೀ."

ಹತ್ತು ನಿಮಿಷದಲ್ಲಿ ಅಂಗಳ ಖಾಲಿಯಾಯಿತು. ಮಿರ್ಚಿಯನ್ನು ಮೂರು ದಿನ ತಿಂದೆವು.

ಮೊಮ್ಮಗಳು ಅಳಲಿಲ್ಲ. ಮಾರನೆಯ ದಿನ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಶಾಲೆಗೆ ಹೋದಳು. ಅದೇ ನನಗೆ ತಡೆಯಲಾಗಲಿಲ್ಲ. ಅತ್ತಿದ್ದರೆ ಒಂದು ವಾರದಲ್ಲಿ ಮುಗಿಯುತ್ತಿತ್ತು. ಸುಮ್ಮನಿದ್ದವಳು ಸುಮ್ಮನೇ ಇದ್ದಳು. ಹುಡುಗ ದಿನಾ ಫೋನು ಮಾಡುತ್ತಿದ್ದ. ಕಾಯುತ್ತೇನೆ ಎನ್ನುತ್ತಿದ್ದ, ಅಜ್ಜನ ಮಾತು ಮೀರುವುದಿಲ್ಲ ಎಂದೂ ಎನ್ನುತ್ತಿದ್ದ. ರಿಜಿಸ್ಟರ್ ಆಫೀಸಿಗೆ ಹೋಗಿ ಮದುವೆಯಾಗಿ ಎಂದು ನಾನೇ ಹೇಳಿದೆ. ಅವಳು ಒಪ್ಪಲಿಲ್ಲ. ತಪ್ಪು ಮಾಡದೆ ಕದ್ದು ಯಾಕೆ ಹೋಗಲಿ ಎಂದಳು. ಆಮೇಲೆ ನನ್ನನ್ನು ದಿಟ್ಟಿಸಿ ಕೇಳಿದಳು:

"ಅಜ್ಜಿ, ಈ ಬೆಡಗು ನಮ್ದೇ ಅಂತ ಯಾರು ಬರ್ದಿಟ್ಟಾರೆ? ಎಲ್ಲಿ ಐತೆ ತೋರ್ಸು ನೋಡೋಣ."

ಐವತ್ತು ವರ್ಷ ಈ ಮನೆಯ ಬೆಡಗು ಹೇಳಿಕೊಂಡು ತಿರುಗಿದ್ದೇನೆ, ಎಲ್ಲಿದೆ ಎಂದರೆ ತೋರಿಸಲು ಏನೂ ಇಲ್ಲ. ಅವತ್ತಿನಿಂದ ನಾನು ಒಂದು ಕಡೆ ಕೂರಲಿಲ್ಲ. ಅಂಗಳ ಗುಡಿಸಿದೆ, ಗುಡಿಸಿದ್ದನ್ನೇ ಮತ್ತೆ ಗುಡಿಸಿದೆ. ಕಲ್ಲು ಆರಿಸಿದ ಅಕ್ಕಿಯನ್ನು ಮೊರಕ್ಕೆ ಸುರಿದು ಮತ್ತೆ ಆರಿಸಿದೆ. ಊಟಕ್ಕೆ ಕೂತರೆ ನಡುವೆ ಎದ್ದು ಹೋಗಿ ಎಮ್ಮೆಯ ಹಗ್ಗ ನೋಡಿ ಬರುತ್ತಿದ್ದೆ. ಸೊಸೆ ಒಂದು ದಿನ, "ಅತ್ತೀರೆ, ಎಮ್ಮಿ ಎಲ್ಲೂ ಹೋಗಲ್ಲ, ಕುಂತ್ಕೊಳ್ರಿ" ಎಂದಳು. ಎಮ್ಮೆಯ ಚಿಂತೆ ನನಗೆ ಇರಲಿಲ್ಲ ಎಂದು ಅವಳಿಗೂ ಗೊತ್ತಿತ್ತು.

ಹೀಗಿರುವಾಗ ಒಂದು ಸಂಜೆ ಮೊಮ್ಮಗಳು ಮೊಬೈಲು ಹಿಡಿದು ನನ್ನ ಪಕ್ಕ ಕೂತಳು. ಅಡ್ಡ ಹೆಸರುಗಳು ಬೇರೆ ದೇಶದಲ್ಲಿ ಹೇಗೆ ಎಂದು ಹುಡುಕುತ್ತಿದ್ದಳಂತೆ. ಕೆನಡಾ ದೇಶದಲ್ಲಿ ಫ್ರೆಂಚ್ ಮಾತಾಡುವ ಜನ ಇದ್ದಾರಂತೆ. ಅವರ ಹಳೆಯ ಮನೆತನಗಳಲ್ಲಿ ಎಷ್ಟೋ ಮನೆಗೆ ಎರಡು ಅಡ್ಡ ಹೆಸರು, ನಡುವೆ 'ಎಂದು ಕರೆಯುವ' ಅನ್ನುವ ಅರ್ಥದ ಒಂದು ಸಣ್ಣ ಪದ. ನಮ್ಮ ಪಹಣಿಯಲ್ಲಿ ಉರುಫ್ ಎಂದು ಬರೆಯುವುದಿಲ್ಲವೆ, ಹಾಗೆ. ಸಿಪಾಯಿಯಾಗಿ ಬಂದವನಿಗೆ ದಂಡಿನಲ್ಲಿ ಇಟ್ಟ ಹೆಸರು ಒಂದು, ಅಪ್ಪನ ಹೆಸರು ಒಂದು. ಮುಂದೆ ಅಣ್ಣ ಒಂದನ್ನು ಹಿಡಿದರೆ ತಮ್ಮ ಇನ್ನೊಂದನ್ನು ಹಿಡಿದ. ಈಗ ಮೊಮ್ಮಕ್ಕಳು ಅಜ್ಜ ಮುತ್ತಜ್ಜರನ್ನು ಹುಡುಕಲು ಹೊರಟರೆ ದಾರಿ ತಪ್ಪುತ್ತದಂತೆ.

ಅವರಲ್ಲಿಯೂ ಹೆಳವರು ಇದ್ದಾರಾ ಎಂದು ಕೇಳಿದೆ. ಇಲ್ಲ, ಅಲ್ಲಿ ಚರ್ಚಿನವರು ಹುಟ್ಟು, ಮದುವೆ, ಸಾವು ಎಲ್ಲ ಬರೆದಿಡುತ್ತಿದ್ದರು ಎಂದಳು. ಹೆಂಗಸರದು ಹೇಗೆ ಎಂದೆ.

"ಆ ಪುಸ್ತಕದಾಗೆ ಹೆಂಗಸಿಗೆ ಸಾಯೋತನಕ ತವರುಮನಿ ಹೆಸರೇ, ಅಜ್ಜಿ. ಕೆಲವು ಕಡೆ ಗಂಡಸೇ ಹೆಂಡ್ತಿ ಮನಿ ಹೆಸರು ಇಟ್ಕೊಂಡಿದ್ದೂ ಐತಂತೆ."

ಆಗ ನನ್ನ ಕೈ ಮೊರದ ಮೇಲೆ ನಿಂತಿತು.

ಹೆಳವರು ಎಂದರೆ ಮನೆತನದ ಕಥೆ ಹೇಳುವವರು. ಮೊದಲೆಲ್ಲ ಎತ್ತಿನ ಮೇಲೆ ಬರುತ್ತಿದ್ದರು, ಬೆಳಗಿನ ಹೊತ್ತು ಮನೆ ಮುಂದೆ ಗಂಟೆ ಬಾರಿಸಿ, ನಿಮ್ಮ ಮುತ್ತಜ್ಜನ ಮುತ್ತಜ್ಜ ಎಲ್ಲಿಂದ ಬಂದ, ಯಾರನ್ನು ತಂದ, ಎಷ್ಟು ಮಕ್ಕಳು ಎಂದು ರಾಗವಾಗಿ ಹೇಳುವರು. ನಾನು ಮದುವೆಯಾಗಿ ಬಂದ ವರ್ಷ ಒಬ್ಬ ಹೆಳವ ಬಂದಿದ್ದ. ನನ್ನ ಹೆಸರನ್ನು ಪುಸ್ತಕಕ್ಕೆ ಸೇರಿಸಬೇಕು ಎಂದು ನನ್ನನ್ನೂ ಕಂಬದ ಬಳಿ ನಿಲ್ಲಿಸಿದ್ದರು. ಅವನು ಓದುತ್ತಾ ಓದುತ್ತಾ ಮಾವನ ಅಪ್ಪನ ಹೆಸರಿಗೆ ಬಂದಾಗ ಒಮ್ಮೆ ಕೆಮ್ಮಿ, "ಹಗೇದವರ ಮನಿ ತುಂಬಿದ" ಎಂದು, ಬೇಗ ಬೇಗ ಮುಂದಕ್ಕೆ ಹೋದ.

ನನಗೆ ನಗು ಬಂತು. ಎರಡು ತಿಂಗಳ ಹಿಂದೆ ನನ್ನನ್ನು ಮನೆ ತುಂಬಿಸಿಕೊಂಡಿದ್ದರು. ಹೊಸಿಲ ಮೇಲೆ ಅಕ್ಕಿಯ ಸೇರು ಇಟ್ಟು, ಬಲಗಾಲಲ್ಲಿ ಒದ್ದು ಒಳಗೆ ಬಾ ಎಂದಿದ್ದರು. ಮನೆ ತುಂಬುವುದೆಂದರೆ ನನಗೆ ಅದೇ. ಮೀಸೆ ಹೊತ್ತ ಗಂಡಸೊಬ್ಬ ಸೇರು ಒದ್ದು ಬರುವುದು ಕಣ್ಣಿಗೆ ಕಟ್ಟಿತು. ಗಂಡಸರನ್ನೂ ಮನೆ ತುಂಬಿಸಿಕೊಳ್ಳುತ್ತಾರಾ ಎಂದು ಅತ್ತೆಯ ಕಿವಿಯಲ್ಲಿ ಕೇಳಿದೆ. ಅತ್ತೆ ನನ್ನ ತೋಳು ಹಿಡಿದು ಚಿವುಟಿದಳು. ಮಾವನೇ ದನಿ ಎತ್ತಿ ಅರ್ಥ ಹೇಳಿದ: ಹಗೇವು ತುಂಬ ಜೋಳ ಬೆಳೆದ, ಮನೆ ತುಂಬಿತು, ಅಂಥ ದುಡಿಮೆಗಾರ ನಮ್ಮಪ್ಪ.

ಆ ಅರ್ಥವೇ ನಿಂತಿತು. ನನ್ನ ಗಂಡ ಅದನ್ನೇ ಮಗನಿಗೆ ಹೇಳಿ ಕಣ್ಣು ಮುಚ್ಚಿದ. ಮಗನಿಗೆ ಅದರ ಮೇಲೆ ಎಂಥ ಹೆಮ್ಮೆ ಎಂದರೆ, ಟ್ರ್ಯಾಕ್ಟರಿನ ಟ್ರೇಲರ್ ಕೊಂಡಾಗ ಹಿಂದಿನ ಹಲಗೆಯ ಮೇಲೆ ಹಳದಿ ಬಣ್ಣದಲ್ಲಿ ಬರೆಸಿದ: 'ಮನೆ ತುಂಬಿದ ಹಗೇದವರು'. ಹತ್ತು ವರ್ಷದಿಂದ ಆ ಟ್ರೇಲರ್ ಮೆಕ್ಕೆಜೋಳ ಹೊತ್ತು ಶಿಕಾರಿಪುರ, ಶಿರಾಳಕೊಪ್ಪ ಎಲ್ಲ ಸುತ್ತಿದೆ. ಓದಿದವರಲ್ಲಿ ಯಾವ ಮುದುಕಿಯಾದರೂ ನಕ್ಕಿರಲೇಬೇಕು.

ಮೊಮ್ಮಗಳಿಗೆ ಇದನ್ನು ಹೇಳಿದೆ. ಅವಳು ಮೊಬೈಲು ಕೆಳಗಿಟ್ಟಳು. "ಆ ಪುಸ್ತಕ ಈಗ ಎಲ್ಲೈತೆ?" ಎಂದಳು.

ಹುಡುಕಬೇಕಾಯಿತು. ಶಿರಾಳಕೊಪ್ಪದ ಸಂತೆಗೆ ಹೋಗಿ ಕಂಬಳಿ ಮಾರುವವರನ್ನು ಕೇಳಿದೆ, ಪಾತ್ರೆಯವರನ್ನು ಕೇಳಿದೆ. ಬಿಸಿಲಲ್ಲಿ ಎರಡು ಸುತ್ತು ಹಾಕಿದ ಮೇಲೆ ಬೆತ್ತದ ಬುಟ್ಟಿ ಮಾರುವ ಹೆಂಗಸು, ಹೆಳವರ ಗುಡಾರ ಈಗ ಸೊರಬದ ಹತ್ತಿರ ಇದೆ, ಅವರಲ್ಲಿ ಒಬ್ಬನ ಫೋನು ನಂಬರೂ ಇದೆ ಎಂದಳು. ಅಜ್ಜನ ಕಾಲದಲ್ಲಿ ಎತ್ತು, ಮೊಮ್ಮಗನ ಕಾಲದಲ್ಲಿ ಫೋನು. ಮೊಮ್ಮಗಳು ಮಾತಾಡಿದಳು. ಭಾನುವಾರ ಬನ್ನಿ, ನಿಮ್ಮ ಊರಿನ ಪುಸ್ತಕ ನನ್ನ ಬಳಿಯೇ ಇದೆ ಎಂದನಂತೆ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಆ ಭಾನುವಾರ ಕಳೆದು ಬರುವ ಶುಕ್ರವಾರ ಕುಪ್ಪಗಡ್ಡೆಯವರು ಬೇರೆ ಹೆಣ್ಣು ನೋಡಲು ಹೋಗುತ್ತಾರೆ. ಹುಡುಗನೇ ಹೇಳಿದ. ನೀನು ಹೋಗಬೇಡ ಎಂದರೆ, ಅಜ್ಜ ಹೊರಟ ಮೇಲೆ ಹೇಗೆ ಬಿಡಲಿ ಎಂದನಂತೆ. ಹಿರಿಯರ ಭಯ ಇರಬೇಕು ನಿಜ, ಇಷ್ಟು ಬೇಕಾಗಿರಲಿಲ್ಲ.

ಭಾನುವಾರ ಮಗನಿಗೆ ಹೇಳದೆ ಹೊರಟೆವು. ಸೊರಬದ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು, ನಾನು ಮಾತ್ರ ಮೂರು ಸಲ ಎದ್ದು ನಿಂತೆ. ಸ್ಟಾಪು ಇನ್ನೂ ದೂರ ಐತೆ ಎಂದು ಮೊಮ್ಮಗಳು ಸೆರಗು ಹಿಡಿದು ಕೂರಿಸಿದಳು. ಹೆಳವ ನಲವತ್ತರ ಆಸುಪಾಸಿನವನು. ಗುಡಾರದ ಮುಂದೆ ಚಾಪೆ ಹಾಕಿ, ಪ್ಲಾಸ್ಟಿಕ್ ಚೀಲದಿಂದ ಉದ್ದನೆಯ ಪುಸ್ತಕ ತೆಗೆದ. ಹಾಳೆ ಹಳದಿ, ಅಕ್ಷರ ಅವನ ಅಜ್ಜನದು. ನನ್ನದು ನಾಲ್ಕನೇ ಕ್ಲಾಸಿನ ಓದು. ನಾನೇ ಬೆರಳಿಟ್ಟು ಅಕ್ಷರ ಕೂಡಿಸಿದೆ. ಮ, ನಿ, ತುಂ, ಬಿ, ದ. ಅದರ ಮುಂದೆ, ನಮಗೆ ಎಂದೂ ಓದಿ ಹೇಳದ ಇನ್ನೊಂದು ಸಾಲು ಇತ್ತು. ಗುಡವಿ ಕೆರೆ ಸೀಮೆಯ ಏರಿಯವರ ಮನೆಯ ಮೂರನೇ ಮಗ, ಎಂದು. ಪಕ್ಕದಲ್ಲಿ ಬೇರೆ ಒಂದು ಬೆಡಗಿನ ಹೆಸರು.

"ಇದನ್ನ ಯಾಕೆ ಓದ್ಲಿಲ್ಲಪ್ಪ ನಿಮ್ಮಜ್ಜ?" ಎಂದೆ.

"ನಿಮ್ಮ ಮಾವನೋರು ಓದಬ್ಯಾಡ ಅಂದಿದ್ರಂತ್ರೀ ಯವ್ವಾ. ಬರದದ್ದು ಅಳಿಸಾಕ ನಮಗ ಬರಂಗಿಲ್ಲ. ಅದಕ್ಕ ನಮ್ಮಜ್ಜ ಮನಿ ತುಂಬಿದ ಅನ್ನೂದಷ್ಟ ಓದತಿದ್ದ. ತಿಳಿದೋರಿಗೆ ತಿಳಿತದ ಅಂತ."

ತಿಳಿದವರು ಸುಮ್ಮನಿದ್ದರು, ತಿಳಿಯದವರು ಟ್ರೇಲರ್ ಮೇಲೆ ಬರೆಸಿದರು.

ಅಲ್ಲಿಗೇ ಬಿಡಲು ನನಗೆ ಮನಸ್ಸಾಗಲಿಲ್ಲ. ಪುಸ್ತಕ ಒಂದೇ ಸಾಲದು, ಹೆಳವನಿಗೆ ಏನೋ ಕೊಟ್ಟು ಬರೆಸಿಕೊಂಡಿದ್ದಾರೆ ಎಂದೇ ಹುಡುಗನ ಅಜ್ಜ ಎನ್ನುತ್ತಾನೆ. ಇನ್ನೊಂದು ಬಸ್ಸು ಹತ್ತಿ ಗುಡವಿಯ ಕಡೆ ಹೋದೆವು. ಕೆರೆಯ ತುಂಬ ಹಕ್ಕಿ, ದಂಡೆಯ ಮೇಲೆ ಉದ್ದ ಕ್ಯಾಮೆರಾ ಹಿಡಿದ ಜನ. ಎಲ್ಲಿಂದಲೋ ಬಂದು ಇಲ್ಲಿ ಗೂಡು ಕಟ್ಟುತ್ತವೆ ಎಂದು ಒಬ್ಬ ನಮಗೆ ತಿಳಿಸಿ ಹೇಳಲು ಬಂದ. ನಮಗೆ ಹಕ್ಕಿ ಬೇಡ, ಏರಿಯವರ ಮನೆ ಬೇಕು ಎಂದೆ. ಮೊಮ್ಮಗಳಿಗೆ ಅವತ್ತು ಮೊದಲ ಸಲ ನಗು ಬಂತು.

ಏರಿಯವರ ಮನೆ ಇತ್ತು. ಕೆರೆ ಏರಿಯ ಕೆಳಗೆ ಹೆಂಚಿನ ಸಣ್ಣ ಮನೆ. ನನಗಿಂತ ದೊಡ್ಡ ಮುದುಕಿಯೊಬ್ಬಳು ಜಗುಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ನಾವು ಹಗೇದವರು, ಶಿಕಾರಿಪುರದ ಕಡೆಯವರು ಎಂದೆ. ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಓ, ನಮ್ಮ ಮನೆ ಹುಡುಗನ್ನ ಕೊಟ್ಟ ಮನೆಯವ್ರಾ?" ಎಂದಳು.

ಕೊಟ್ಟ ಮನೆ. ಹೆಣ್ಣು ಕೊಟ್ಟ ಮನೆಗೆ ಹೇಳುವ ಹಾಗೆಯೇ ಹೇಳಿದಳು. ಅವಳ ಅತ್ತೆ ಹೇಳುತ್ತಿದ್ದಳಂತೆ: ಮೂವರು ಗಂಡುಮಕ್ಕಳು, ಇರುವುದು ಒಂದು ತುಂಡು ಗದ್ದೆ, ಹಗೇದವರಿಗೆ ಗಂಡು ಸಂತಾನವಿಲ್ಲ, ಇದ್ದ ಒಬ್ಬ ಮಗಳಿಗೆ ಮನೆಯಲ್ಲೇ ಇರುವ ಗಂಡು ಬೇಕಿತ್ತು, ಮೂರನೆಯವನನ್ನು ಕೊಟ್ಟರು. ಒಂದೆರಡು ಹಬ್ಬಕ್ಕೆ ಬಂದು ಹೋದ, ಆಮೇಲೆ ಅವನ ಮಕ್ಕಳು ಈ ಕಡೆ ತಲೆ ಹಾಕಲಿಲ್ಲ. ನಾವು ಬಡವರು, ನಮ್ಮ ನೆಂಟಸ್ತಿಕೆ ಹೇಳಿಕೊಳ್ಳಲು ಅವರಿಗೆ ಬೇಡವಾಯಿತು ಎಂದು ತಿಳಿದಿದ್ದೆವು ಎಂದಳು. ನಾನು ಇಲ್ಲ ಎನ್ನಲಿಲ್ಲ. ಬೇರೆ ಏನು ಹೇಳಿದರೂ ಸುಳ್ಳಾಗುತ್ತಿತ್ತು. ಹೊರಡುವಾಗ ಅವಳ ಮಗ ಗದ್ದೆಯಿಂದ ಬಂದ. ಅವನ ಕಿವಿ ನನ್ನ ಗಂಡನ ಕಿವಿ, ಹಾಗೇ ಹೊರಕ್ಕೆ ಚಾಚಿಕೊಂಡಿತ್ತು. ಪುಸ್ತಕಕ್ಕಿಂತ ಅದು ನನಗೆ ಗಟ್ಟಿ ಎನಿಸಿತು.

ಸಂಜೆ ಮನೆಯಲ್ಲಿ ಎಲ್ಲರ ಮುಂದೆ ಹೇಳಿದೆ. ಮಗ ತಾಟು ಮುಂದಕ್ಕೆ ತಳ್ಳಿದ. ಅವನ ಕಷ್ಟ ನನಗೆ ಗೊತ್ತಿಲ್ಲದೆ ಇರಲಿಲ್ಲ. ಪಕ್ಕದ ಮನೆಯ ಅಳಿಯ ಹದಿನೈದು ವರ್ಷದಿಂದ ಮಾವನ ಮನೆಯಲ್ಲೇ ಇದ್ದಾನೆ. ಹೊಲದ ಬದುವಿನ ಮೇಲೆ ಜಗಳ ಬಂದಾಗಲೆಲ್ಲ ನನ್ನ ಮಗನ ಬಾಯಿಂದ ಮೊದಲು ಬರುವ ಮಾತು, ಮನೆ ಅಳಿಯ ನೀನು, ಯಾರ ಬದು ಎಂದು ನಿನಗೇನು ಗೊತ್ತು, ಎಂಬುದೇ. ಈಗ ಆ ಮಾತು ತಿರುಗಿ ಬರುತ್ತದೆ.

"ಮಗಳಿಗೆ ಬೇರೆ ಗಂಡು ನೋಡೋಣ ಅವ್ವ. ಇದನ್ನ ಎತ್ತಬ್ಯಾಡ," ಎಂದ. "ಹೆಂಡ್ತಿ ಮನಿ ಕೂಳು ಉಂಡೋರ ವಂಶ ಅಂತ ನಾನು ಯಾರ ಮುಂದೆ ಹೇಳ್ಲಿ?"

ನಾನು ಉತ್ತರ ಕೊಡುವ ಮೊದಲೇ ಸೊಸೆ ಮಾತಾಡಿದಳು. ಅವಳು ಗಂಡನ ಎದುರು ಹೆಚ್ಚು ಮಾತಾಡುವವಳಲ್ಲ. ರೊಟ್ಟಿ ತಟ್ಟುತ್ತಲೇ, ತಲೆ ಎತ್ತದೆ ಹೇಳಿದಳು.

"ನಾನೂ ಗಂಡನ ಮನಿ ಕೂಳೇ ಉಂಡೀನಿ. ಇಪ್ಪತ್ತೇಳು ವರ್ಷ ಆತು. ನನಗೆ ಯಾರೂ ನಾಚ್ಕಿ ಪಡು ಅನ್ಲಿಲ್ಲ."

ಮಗ ಎದ್ದು ಹೊರಗೆ ಹೋದ. ಮೊಮ್ಮಗಳು ತಾಯಿಯನ್ನು ಹೊಸದಾಗಿ ನೋಡುವ ಹಾಗೆ ನೋಡಿದಳು. ನಾನೂ ನೋಡಿದೆ. ಈ ಮಾತು ನನಗೆ ಮೊದಲು ಹೊಳೆಯಬೇಕಿತ್ತು. ನಾನು ಬದಲಾದೆ, ನನ್ನ ಅತ್ತೆ ಬದಲಾದಳು, ಸೊಸೆ ಬದಲಾದಳು. ಹಾಡು ಹೇಳಿ, ಆರತಿ ಎತ್ತಿ, ಊರಿಗೆ ಊಟ ಹಾಕಿ ಬದಲಾಯಿಸಿದರು. ಒಬ್ಬ ಗಂಡಸು ಬದಲಾದದ್ದಕ್ಕೆ ಮೂರು ತಲೆಮಾರು ಪುಸ್ತಕ ಮುಚ್ಚಿಸಿದರು.

ಸೋಮವಾರ ಕಾದೆ. ಮಗ ಏನೂ ಹೇಳಲಿಲ್ಲ. ಮಂಗಳವಾರ ಒಬ್ಬಳೇ ಕುಪ್ಪಗಡ್ಡೆಗೆ ಹೋದೆ. ಹೆಣ್ಣಿನ ಕಡೆಯ ಮುದುಕಿ, ಕರೆಯದೆ, ಒಬ್ಬಳೇ ಗಂಡಿನ ಮನೆಗೆ ಹೋಗುವುದು ನಮ್ಮಲ್ಲಿ ಇಲ್ಲ. ಹೋದೆ. ಹುಡುಗನ ಅಜ್ಜ ಜಗುಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಹುಡುಗನ ತಾಯಿ ನೀರು, ಬೆಲ್ಲ ತಂದಿಟ್ಟು ಬಾಗಿಲ ಹಿಂದೆ ನಿಂತಳು. ನಾನು ಎಲ್ಲವನ್ನೂ ಹೇಳಿದೆ, ಪುಸ್ತಕ, ಏರಿಯವರ ಮನೆ, ಕಿವಿ ಸಹ. ಅವನು ಹಗ್ಗ ಬಿಡದೆ ಕೇಳಿದ. ಏರಿಯವರು ಅವನಿಗೂ ಗೊತ್ತಿದ್ದರು. ಅವರ ಬೆಡಗು ಬೇರೆ ಎಂದು ಒಪ್ಪಿಕೊಂಡ. ಆದರೂ ತಲೆಯಾಡಿಸಿದ.

"ನೀವು ಹೇಳೋದು ಸರಿ ಇರ್ಬೌದು. ಆದ್ರೆ ಒಂದ್ಸಲ ಆ ಮನೆ ಸೇರಿದ ಮೇಲೆ ಆ ಮನೆ ಬೆಡಗೇ ಆಯ್ತಲ್ರೀ."

"ಯಜಮಾನ್ರೇ, ಬೆಡಗು ಅಪ್ಪನಿಂದ ಬರ್ತದೋ ಅವ್ವನಿಂದ ಬರ್ತದೋ?"

"ಅಪ್ಪನಿಂದ."

"ಹೆಂಗಸಿಂದ ಬರಲ್ಲ?"

"ಎಲ್ಲಾದ್ರೂ ಉಂಟಾ? ಹೆಂಗಸಿನ ರಕ್ತ ಬೆಡಗಿನ ಲೆಕ್ಕಕ್ಕಿಲ್ಲ."

"ಮತ್ತೆ ಹಗೇದವರ ಬೆಡಗು ನಮ್ಮ ಮನಿಗೆ ಬಂದಿದ್ದು ಆ ಮನಿ ಮಗಳಿಂದ. ನಿಮ್ಮ ಲೆಕ್ಕದಾಗೆ ಅದು ಬಂದೇ ಇಲ್ಲ. ಎಪ್ಪತ್ತು ವರ್ಷ ಆ ಲೆಕ್ಕ ನನಗೆ ಉಪಯೋಗಕ್ಕೆ ಬರ್ಲಿಲ್ಲ. ಇವತ್ತು ಒಂದ್ಸಲ ಬರ್ಲಿ ಬಿಡ್ರಿ."

ಬಾಗಿಲ ಹಿಂದೆ ನಗು ಕೇಳಿಸಿತು, ತಕ್ಷಣ ನಿಂತಿತು. ಮುದುಕ ಹಗ್ಗ ಕೆಳಗಿಟ್ಟ. ಕೆಟ್ಟವನಲ್ಲ ಅವನು, ಹಿಡಿದ ಮಾತು ಬಿಡಲು ಒಂದು ದಾರಿ ಬೇಕಿತ್ತು. ಕೊನೆಗೆ ಹೇಳಿದ: ನೀವು ಹೇಳಿದರೆ ಆಗುವುದಿಲ್ಲ, ನೀವೂ ಆ ಮನೆಗೆ ಬಂದವರು. ಆ ಮನೆಯ ಗಂಡುಮಗ ಬರಬೇಕು. ಬಂದು ನಮ್ಮ ನಾಲ್ಕು ಜನರ ಮುಂದೆ, ನಾವು ಮನೆ ಅಳಿಯನ ವಂಶ, ನಮ್ಮ ಬೆಡಗು ಏರಿಯವರದು ಎಂದು ಅವನ ಬಾಯಲ್ಲೇ ಹೇಳಬೇಕು. ಗುರುವಾರದ ಒಳಗೆ ಹೇಳಿದರೆ ಶುಕ್ರವಾರ ನಾವು ಎಲ್ಲಿಗೂ ಹೋಗುವುದಿಲ್ಲ.

ಬಸ್ಸಿನಲ್ಲಿ ಬರುವಾಗ ಕಾಲು ಒಂದು ಕಡೆ ನಿಲ್ಲಲಿಲ್ಲ. ಪಕ್ಕದವಳು, ಅಜ್ಜಿ ನಿಮಗೆ ನಡುಕದ ಕಾಯಿಲೆ ಏನ್ರೀ ಎಂದು ಕೇಳಿದಳು. ಮನೆಗೆ ಬಂದು ಮಗನಿಗೆ ಮುದುಕನ ಮಾತನ್ನು ಒಂದೂ ಬಿಡದೆ ಹೇಳಿದೆ. ಅವನು ಎಲ್ಲ ಕೇಳಿ, ಆಗಲ್ಲ ಎಂದ. ಕಾರಣ, ಊರಿಗೆ ತಿಳಿದೀತು ಎಂಬುದೊಂದೇ. ಕುಪ್ಪಗಡ್ಡೆಯಲ್ಲಿ ಹೇಳಿದ್ದು ಮಾರನೆಯ ದಿನ ನಮ್ಮ ಊರಿನ ಕಟ್ಟೆಯ ಮೇಲೆ ಇರುತ್ತದೆ, ಪಕ್ಕದ ಮನೆಯವನು ಬದುವಿನ ಮೇಲೆ ನಿಂತು ಕೇಳಿಸುವ ಹಾಗೆ ನಗುತ್ತಾನೆ, ನನ್ನಿಂದ ಆಗಲ್ಲ ಎಂದ. ಮೊಮ್ಮಗಳು ಮಕ್ಕಳ ನೋಟ್‌ಬುಕ್ಕು ತಿದ್ದುತ್ತಿದ್ದಳು. ತಲೆ ಎತ್ತಲಿಲ್ಲ. ಕೆಂಪು ಪೆನ್ನು ಮಾತ್ರ ಒಂದೇ ಸಾಲಿನ ಮೇಲೆ ನಿಂತಿತ್ತು.

ಮಾರನೆಯ ಬೆಳಿಗ್ಗೆ ಕೊಡ ಹಿಡಿದು ಬೀದಿಯ ನಲ್ಲಿಗೆ ಹೋದೆ. ನಮ್ಮ ಮನೆಯೊಳಗೇ ನಲ್ಲಿ ಇದೆ, ನೀರಿಗಾಗಿ ಹೋದದ್ದಲ್ಲ. ಬೀದಿಯ ಹೆಂಗಸರು ಏಳೆಂಟು ಮಂದಿ ಇದ್ದರು. ಪಕ್ಕದ ಮನೆಯ ಅಳಿಯ ಹಾಲಿನ ಕ್ಯಾನು ತೊಳೆಯುತ್ತಿದ್ದ. ನಾನು ಅವನನ್ನೇ ಕರೆದೆ, ದನಿ ತಗ್ಗಿಸಲಿಲ್ಲ.

"ಇಲ್ಲಿ ಕೇಳಪ್ಪ. ನಮ್ಮ ಮಾವನ ಅಪ್ಪನೂ ನಿನ್ನಂಗೆ ಮನಿ ಅಳಿಯ. ಗುಡವಿ ಕಡಿಂದ ಬಂದೋನು. ನಾವೆಲ್ಲ ಅವನ ವಂಶ."

ಅವನು ಕ್ಯಾನು ಕೆಳಗಿಟ್ಟು, ಚೇಷ್ಟೆ ಇರಬಹುದೇ ಎಂದು ನನ್ನ ಮುಖ ನೋಡಿದ.

"ಹಂಗಾದ್ರೆ ದೊಡ್ಡವ್ವ, ಬದುವಿನ ಜಗಳದಾಗೆ ನಿಮ್ಮ ಮಗ ಇನ್ನ ನನಗೆ ಏನಂತ ಬಯ್ತಾನೆ?"

"ಹೊಸದು ಹುಡುಕ್ಕೊಳ್ತಾನೆ ಬಿಡು."

ಹೆಂಗಸರು ನಕ್ಕರು. ಅವನೂ ನಕ್ಕ, ಬದುವಿನ ಮೇಲೆ ನಿಂತು ನಗುವ ನಗು ಅಲ್ಲ. ನಾನು ಕೊಡ ತುಂಬಿಸಿಕೊಂಡು ಬಂದೆ. ಮಗ ಅಂಗಳದಲ್ಲಿ ಹಗೇವಿನ ಚಪ್ಪಡಿಯ ಮೇಲೆ ನಿಂತಿದ್ದ, ಬ್ರಶ್ಶು ಬಾಯಲ್ಲಿತ್ತು. ಎಲ್ಲ ಕೇಳಿಸಿಕೊಂಡಿದ್ದ. ಬಯ್ಯುತ್ತಾನೆ ಎಂದುಕೊಂಡೆ. ಅವನು ಉಗುಳಿ, ಬಾಯಿ ತೊಳೆದು, ಟ್ರೇಲರಿನ ಹಿಂದಿನ ಹಲಗೆಯನ್ನು ಒಂದಷ್ಟು ಹೊತ್ತು ನೋಡಿದ.

"ಇದನ್ನ ಅಳಿಸ್ಬೇಕೇನವ್ವ?" ಎಂದ.

"ಯಾಕೆ? ಬರ್ಸಿದ್ದು ನಿಜಾನೇ ಐತಲ್ಲ."

ನಾನು ಒಳಗೆ ಹೋಗಿ ಕೊಡ ಇಳಿಸಿದೆ. ಬೀರುವಿನಿಂದ ಅವನ ಇಸ್ತ್ರಿಯ ಬಿಳಿ ಅಂಗಿ ತೆಗೆದು ಅವನ ಕೈಗೆ ಕೊಟ್ಟು, ಕುಪ್ಪಗಡ್ಡೆಗೆ ಹೋಗಲು ಸೊರಬದ ಬಸ್ಸಿಗೆ ಹೊತ್ತಾಯಿತು ಎಂದೆ. ಅವನು ಒಂದು ತೋಳು ಹಾಕಿಕೊಳ್ಳುವುದನ್ನು ನೋಡಿ, ನಾನೂ ಸೀರೆ ಬದಲಾಯಿಸಲು ಒಳಗೆ ಹೋದೆ.